ಅವ್ವ ಗಾಜಿನ ಮೇಲೆ ಅಡುಗೆ ಓದಿದ ವರ್ಷ

ಹೋದ ವಾರ ಬೀದರದಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಹಿರಿಯರು ನನ್ನ ಮುಂದಿನ ಸೀಟಿಗೆ ಬಂದು ಕುಳಿತರು. ಕುಳಿತ ಮೇಲೆ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಜನವಾಡ ದಾಟಿ ಬಸ್ಸು ವೇಗ ಹಿಡಿದಾಗ ಕಿಟಕಿಯಿಂದ ಗಾಳಿ ನುಗ್ಗಿತು. ಆ ಗಾಳಿಯ ಜೊತೆ ಅವರ ಮೈಯಿಂದ ಲಕ್ವಾ ಹೊಡೆದವರಿಗೆ ತಿಕ್ಕುವ ಎಣ್ಣೆಯ ವಾಸನೆ ಬಂತು. ಕರ್ಪೂರ, ಬೆಳ್ಳುಳ್ಳಿ, ಕಾದ ಎಳ್ಳೆಣ್ಣೆ ಎಲ್ಲ ಕೂಡಿದ ಘಾಟು ವಾಸನೆ. ಪಕ್ಕದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಮಾತ್ರ ಉಸಿರು ತುಂಬ ಎಳೆದುಕೊಂಡೆ. ಒಂದು ಶ್ರಾವಣದಿಂದ ಯುಗಾದಿಯ ತನಕ ನೌಬಾದಿನ ನಮ್ಮ ಬಾಡಿಗೆ ಮನೆಯ ಗೋಡೆ, ಹಾಸಿಗೆ, ನನ್ನ ಸೀರೆಗಳು, ಒಂದು ಟ್ಯಾಬ್ಲೆಟ್ಟಿನ ರೆಕ್ಸಿನ್ ಕವರು ಎಲ್ಲವೂ ಈ ವಾಸನೆಯನ್ನೇ ಕುಡಿದು ಕೂತಿದ್ದವು. ನನ್ನ ಬದುಕಿನಲ್ಲಿ ಅಷ್ಟು ಹೆದರಿದ ವರ್ಷ ಇನ್ನೊಂದಿಲ್ಲ. ಅಷ್ಟು ಜನ ನನ್ನ ಕೈ ಹಿಡಿದ ವರ್ಷವೂ ಇನ್ನೊಂದಿಲ್ಲ.

ಅವ್ವನ ಹೆಸರು ಕಮಲಾಬಾಯಿ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಔರಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಹಾಕಿ ನನ್ನನ್ನು ಓದಿಸಿದಳು. ತಗಡಿನ ಮಾಡು, ಉದ್ದನೆಯ ಎರಡು ಬೆಂಚು, ಒಳಗೆ ಕಟ್ಟಿಗೆಯ ಒಲೆ, ಆಮೇಲೆ ಗ್ಯಾಸು. ಔರಾದಿಗೆ ವರ್ಗವಾಗಿ ಬರುವ ಮಾಸ್ತರರು, ಬ್ಯಾಂಕಿನವರು, ದನದ ಡಾಕ್ಟರು, ಹೀಗೆ ಮನೆಮಂದಿಯನ್ನು ಎಲ್ಲೋ ದೂರದಲ್ಲಿ ಬಿಟ್ಟು ಬಂದವರೆಲ್ಲ ಅಲ್ಲಿ ಉಣ್ಣುತ್ತಿದ್ದರು. ವಾರದ ದಿನಗಳಲ್ಲಿ ರೊಟ್ಟಿ, ಪುಂಡಿಪಲ್ಲೆ, ಬೇಳೆ, ಅನ್ನ. ಭಾನುವಾರ ಒಂದು ಹೊಸ ಅಡುಗೆ ಇರಲೇಬೇಕು ಎಂಬುದು ಅವ್ವನ ಹಟ.

ಆ ಹೊಸ ಅಡುಗೆ ಅವಳಿಗೆ ಸಿಗುತ್ತಿದ್ದುದು ಒಂದು ಅಡುಗೆ ಮಾಸಿಕದಿಂದ. ಪೇಪರ್ ಕಟ್ಟಿನ ಜೊತೆ ಬೀದರದ ಮೊದಲ ಬಸ್ಸಿಗೆ ಅದು ಬರುತ್ತಿತ್ತು. ಮಧ್ಯಾಹ್ನ ಉಣ್ಣುವವರೆಲ್ಲ ಹೋಗಿ ನೆಲ ಒರೆಸಿದ ಮೇಲೆ ಅವ್ವ ಗೋಡೆಗೆ ಒರಗಿ, ಕಾಲು ಚಾಚಿ ಪುಸ್ತಕ ಬಿಚ್ಚುತ್ತಿದ್ದಳು. ಅವಳದು ಗಟ್ಟಿ ಓದು. ಬರೆದವರು ಎದುರಿಗೇ ಕೂತಿದ್ದಾರೆ ಎನ್ನುವಂತೆ ಅವರ ಜೊತೆ ಜಗಳ ಆಡುತ್ತಾ ಓದುವಳು. "ಏ, ಇಷ್ಟ ಎಣ್ಣಿ ಹಾಕಿದ್ರ ಬದನಿಕಾಯಿ ಈಸ್ ಬೀಳ್ತದ ನೋಡವ್ವಾ!" ಎಂದು ಎಲ್ಲೋ ಬೆಂಗಳೂರಿನಲ್ಲಿ ಕೂತ ಆ ಗುರುತಿಲ್ಲದ ಹೆಣ್ಣುಮಗಳಿಗೆ ಬುದ್ಧಿ ಹೇಳುವಳು. ರೊಟ್ಟಿ ಬಡಿಯುವ ಮಲ್ಲಮ್ಮ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿ ನಗುವಳು.

ಕೊರೊನಾ ಮುಗಿದ ಮೇಲೆ ಔರಾದಿನ ಪೇಪರ್ ಏಜೆಂಟ್ ಮಾಸಿಕ ತರಿಸುವುದನ್ನೇ ಬಿಟ್ಟ. ಕೊಳ್ಳುವವರು ಇಲ್ಲ, ಎಲ್ಲರೂ ಮೊಬೈಲ್ ನೋಡುತ್ತಾರೆ ಎಂದ. ನಾನು ಅವ್ವನಿಗೆ, "ಅದೇ ಪುಸ್ತಕ ಫೋನಿನಾಗೂ ಬರ್ತದ, ಹಾಕ್ಕೊಡ್ಲೇನು?" ಎಂದು ಕೇಳಿದ್ದೆ. ಅವ್ವ ನನ್ನ ಫೋನು ಇಸಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ವಾಪಸ್ ಕೊಟ್ಟಳು. "ಗಾಜಿನ ಮ್ಯಾಲ ಅಡಗಿ ಓದದು ನನ್ನಿಂದ ಆಗಂಗಿಲ್ಲ ತಂಗಿ. ಹಳೀವೇ ಅವ, ಮತ್ತೊಮ್ಮಿ ಓದ್ತೇನಿ." ಹಾಗೆ ಟ್ರಂಕಿನ ಮೇಲಿದ್ದ ಹಳೆಯ ಸಂಚಿಕೆಗಳನ್ನೇ ತಿರುಗಿ ತಿರುಗಿ ಓದುತ್ತಿದ್ದಳು. ನನಗೂ ಅವಳ ಮಾತು ಸರಿ ಎನ್ನಿಸಿತ್ತು. ಅರಿಸಿನದ ಬೆರಳು ತಾಗಿದ ಹಾಳೆಯೇ ಅಡುಗೆಪುಸ್ತಕ ಎಂದು ನಾನೂ ನಂಬಿದವಳು.

ಆ ಶ್ರಾವಣದಲ್ಲಿ ಅವ್ವ ಭಾಲ್ಕಿಯಲ್ಲಿರುವ ಮೌಶಿಯ, ಅಂದರೆ ಅವಳ ತಂಗಿಯ, ಮನೆಗೆ ಹೋಗಿದ್ದಳು. ಮಳೆ ಬಿಡದೆ ಹಿಡಿದಿತ್ತು. ಅಕ್ಕತಂಗಿ ಇಬ್ಬರೂ ಕೂತು ಹೋಳಿಗೆ ಮಾಡುತ್ತಿದ್ದರಂತೆ. ಅವ್ವನ ಕೈಯಿಂದ ಲಟ್ಟಣಿಗೆ ಜಾರಿ ನೆಲದ ಮೇಲೆ ಉರುಳಿತು. ಮೌಶಿ ಅದನ್ನು ಹಿಡಿದು ತಂದು ಕೊಟ್ಟರೆ ಅವ್ವ ತೆಗೆದುಕೊಳ್ಳಲಿಲ್ಲ. ಮುಖ ನೋಡಿದರೆ ನಗುತ್ತಿದ್ದಾಳೆ ಅನ್ನಿಸಿತಂತೆ. ನಗು ಅಲ್ಲ, ಬಾಯಿ ಒಂದು ಕಡೆ ಇಳಿದಿತ್ತು.

"ಶಿವಲೀಲಾ, ಅಕ್ಕನ ಬಾಯಿ ಸೊಟ್ಟ ಆಗ್ಯಾದ, ಮಾತಾಡಂಗಿಲ್ಲ, ಲಗೂನ ಬಾ" ಎಂದು ಮೌಶಿ ಫೋನಿನಲ್ಲಿ ಕೂಗಿದಾಗ ನಾನು ಜನವಾಡದ ಶಾಲೆಯಲ್ಲಿ ಮೂರನೇ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಭಾಲ್ಕಿಯ ಡಾಕ್ಟರು ಒಂದು ಗಳಿಗೆಯೂ ತಡ ಮಾಡದೆ ಸೂಜಿ ಕೊಟ್ಟು ಅಂಬ್ಯುಲೆನ್ಸಿನಲ್ಲಿ ಬೀದರಕ್ಕೆ ಕಳಿಸಿದ್ದರು. ಬೀದರದ ಆಸ್ಪತ್ರೆಯ ಬಾಗಿಲಿನಲ್ಲಿ ನಾನು ಮತ್ತು ನನ್ನ ಗಂಡ ಬಸವರಾಜ ತೊಯ್ದು ನಿಂತಿದ್ದೆವು. ಅಂಬ್ಯುಲೆನ್ಸಿನಿಂದ ಇಳಿಸುವಾಗ ಅವ್ವನ ಎಡಗೈಯಲ್ಲಿ ಇನ್ನೂ ಹೋಳಿಗೆಯ ಹಿಟ್ಟು ಅಂಟಿತ್ತು. ಅದು ಒಣಗಿ ಬಿರುಕು ಬಿಟ್ಟಿತ್ತು. ನಾನು ಅದನ್ನು ಒರೆಸಲೂ ಧೈರ್ಯ ಸಾಲದೆ ಹಾಗೇ ಹಿಡಿದುಕೊಂಡೆ.

ಜೀವ ಉಳಿಯಿತು. ಬೇಗ ಕಳಿಸಿದ್ದಕ್ಕೇ ಉಳಿಯಿತು ಎಂದು ಬೀದರದ ಡಾಕ್ಟರು ಹೇಳಿದರು. ಆ ಭಾಲ್ಕಿಯ ಡಾಕ್ಟರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೂ ಮನಸ್ಸಿನಲ್ಲಿ ಎಷ್ಟೋ ಸಲ ಅವರಿಗೆ ಕೈ ಮುಗಿದಿದ್ದೇನೆ.

ಅವ್ವನನ್ನು ನೌಬಾದಿನ ನಮ್ಮ ಮನೆಗೆ ಕರೆತಂದೆವು. ಬಲಗೈ, ಬಲಗಾಲು ಸ್ವಾಧೀನ ಇರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಮಾತಿಗೆ ಬಿದ್ದಿತ್ತು. ನಾವು ಹೇಳಿದ್ದು ಅವಳಿಗೆ ಬಹಳಷ್ಟು ತಿಳಿಯುತ್ತಿತ್ತು, ಆದರೆ ಹೇಳಲು ಹೋದರೆ ಬಾಯಿಂದ ಒಂದೇ ಒಂದು ಶಬ್ದ ಬರುತ್ತಿತ್ತು, "ನಾಳಿ." ನೀರು ಬೇಕೇನವ್ವಾ ಅಂದರೆ "ನಾಳಿ." ಎಲ್ಲಿ ನೋವು ಅಂದರೆ "ನಾಳಿ." ತಾನು ಹೇಳಿದ್ದು ತಪ್ಪು ಎಂದು ಅವಳ ಕಿವಿಗೆ ಗೊತ್ತಾಗುತ್ತಿತ್ತು. ಮತ್ತೆ ಯತ್ನಿಸುವಳು. ಮತ್ತೆ "ನಾಳಿ." ಆಮೇಲೆ ಎಡಗೈಯಿಂದ ಹಣೆ ಬಡಿದುಕೊಂಡು ಗೋಡೆಯ ಕಡೆ ಮುಖ ತಿರುಗಿಸುವಳು. ಕೆಲವು ದಿನಗಳಲ್ಲಿ ಯತ್ನವನ್ನೂ ಬಿಟ್ಟಳು. ಊಟ ಬಿಡತೊಡಗಿದಳು. ಜೀವನವೆಲ್ಲ ಬೇರೆಯವರಿಗೆ ಉಣಿಸಿದ ಹೆಂಗಸು ನನ್ನ ಕೈತುತ್ತಿಗೆ ಬಾಯಿ ಬಿಗಿ ಹಿಡಿಯುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ತರುಣಿ ಇದ್ದರು. ಎಲ್ಲರೂ ಅವರನ್ನು ಮಾತಿನ ಡಾಕ್ಟರ್ ಎನ್ನುತ್ತಿದ್ದರು. "ಅವರಿಗೆ ಪ್ರೀತಿಯ ವಿಷಯ ಯಾವುದು? ಅದರ ಚಿತ್ರ ತೋರಿಸಿ, ಅದರ ಬಗ್ಗೆಯೇ ಮಾತಾಡಿ" ಎಂದು ಅವರು ಹೇಳಿಕೊಟ್ಟರು. ಬಸವರಾಜ ಮರುದಿನವೇ ಮೋಟರ್‌ಸೈಕಲ್ ಮೇಲೆ ಔರಾದಿಗೆ ಹೋಗಿ ಟ್ರಂಕಿನ ಮೇಲಿನ ಮಾಸಿಕಗಳ ಒಂದು ಕಟ್ಟು ತಂದ. ನಾನು ಹಬ್ಬ ಮಾಡಿದ ಹಾಗೆ ಅದನ್ನು ಬಿಚ್ಚಿ, ಒಂದು ಸಂಚಿಕೆಯನ್ನು ಅವ್ವನ ತೊಡೆಯ ಮೇಲೆ ಇಟ್ಟೆ.

ಅವ್ವನ ಕಣ್ಣು ಅರಳಿತು. ಎಡಗೈಯಿಂದ ಹಾಳೆ ತಿರುವಲು ಹೋದಳು. ಹಿಡಿಯಲು ಬಲಗೈ ಇಲ್ಲ. ನುಣುಪು ಹಾಳೆ ಬೆರಳಿಗೆ ಸಿಗದೆ ಮುಚ್ಚಿಕೊಂಡಿತು. ಮತ್ತೆ ಬಿಚ್ಚಿದರೆ ಪುಸ್ತಕವೇ ಜಾರಿತು. ನಾನು ಹಿಡಿದು ತೋರಿಸಿದೆ. ಸಣ್ಣ ಅಕ್ಷರಗಳ ಸಾಲು ಅವಳ ಕಣ್ಣಿಗೆ ನಿಲ್ಲಲಿಲ್ಲ. ಬಲಗಡೆಯ ನೋಟ ಮಂದವಾಗಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಅವಳು ಮೊದಲನ್ನು ಕಳೆದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲೇ ಪುಸ್ತಕವನ್ನು ತಳ್ಳಿ, ನೆಲಕ್ಕೆ ಬೀಳಿಸಿ ಅತ್ತಳು. ಅವಳು ಓದುತ್ತಿದ್ದ ಪುಸ್ತಕವೇ ಅವಳಿಗೆ ಬಾಗಿಲು ಹಾಕಿತಲ್ಲ ಎಂದು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಗೋಡೆಯಾಚೆಯ ಮನೆ ಫರ್ಜಾನಾ ಬಾಜಿಯದು, ಬಾಜಿ ಅಂದರೆ ಅಕ್ಕ. ಬೀದರದ ಹಳೇ ಪೇಟೆಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ನೌಬಾದಿಗೆ ಬಂದವರು. ಮನೆಯಲ್ಲೇ ಬ್ಲೌಸು, ಸಲ್ವಾರು ಹೊಲಿಯುತ್ತಿದ್ದರು. ಅವತ್ತು ಅಳು ಕೇಳಿಯೋ ಏನೋ ಕೈಯಲ್ಲಿ ಅಳತೆಯ ಟೇಪು ಹಿಡಿದುಕೊಂಡೇ ಒಳಗೆ ಬಂದರು. ನೆಲದ ಮೇಲೆ ಬಿದ್ದ ಮಾಸಿಕವನ್ನು ಎತ್ತಿ ನೋಡಿದರು, ಅವ್ವನನ್ನು ನೋಡಿದರು.

"ಅರೆ, ಕಿತ್ತಾ ರೋತೆ ಅಮ್ಮಾ! ಬಸ್ ಕರೋ, ಅಳಬ್ಯಾಡ್ರಿ" ಎಂದು ಅವ್ವನ ಕಣ್ಣು ತಮ್ಮ ದುಪ್ಪಟ್ಟಾದಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಶಿವಲೀಲಾ, ಇದು ಎರಡು ಕೈ ಇದ್ದೋರ ಪುಸ್ತಕ. ಅಮ್ಮಾಗ ಈಗ ಒಂದ್ ಬೆರಳಿಂದ ಓದೋ ಪುಸ್ತಕ ಬೇಕಾಗ್ಯಾದ. ನಿಲ್ಲು, ತರ್ತೇನಿ" ಎಂದು ಹೋದರು.

ತಂದದ್ದು ಟ್ಯಾಬ್ಲೆಟ್. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಮಗಳಿಗೆ ಕೊಡಿಸಿದ್ದು. ಮಗಳು ಕಾಲೇಜಿಗೆ ಹೋದ ಮೇಲೆ ಬಾಜಿ ಅದರಲ್ಲಿ ಒಂದು ಉರ್ದು ಅಡುಗೆ ಮಾಸಿಕ ಓದುತ್ತಿದ್ದರು. ಅವರ ಮಷೀನಿನ ಪಕ್ಕದಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ. ಅವ್ವನ ತೊಡೆಯ ಮೇಲೆ ದಿಂಬು ಇಟ್ಟು, ದಿಂಬಿನ ಮೇಲೆ ಟ್ಯಾಬ್ಲೆಟ್ ಒರಗಿಸಿದೆವು. ಅವ್ವನ ಮಾಸಿಕವೇ ಅದರಲ್ಲೂ ಇತ್ತು. ಔರಾದಿಗೆ ಬರುವುದು ನಿಂತ ಮೇಲಿನ ಅಷ್ಟೂ ಸಂಚಿಕೆಗಳು ಅವ್ವನಿಗಾಗಿ ಕಾಯುತ್ತಿದ್ದ ಹಾಗೆ ಸಾಲಾಗಿ ಕೂತಿದ್ದವು.

ಬಾಜಿ ಅವ್ವನ ಎಡಗೈಯ ತೋರುಬೆರಳು ಹಿಡಿದು ಗಾಜಿನ ಮೇಲೆ ಸರಿಸಿದರು. ಹಾಳೆ ತಿರುಗಿತು. ಅವ್ವ ಬೆಚ್ಚಿ ಕೈ ಎಳೆದುಕೊಂಡಳು. ಆಮೇಲೆ ತಾನೇ ನಿಧಾನವಾಗಿ ಬೆರಳಿಟ್ಟು ಸರಿಸಿದಳು. ಮತ್ತೊಂದು ಹಾಳೆ. ಒಂದು ಬದನೆಕಾಯಿಯ ಚಿತ್ರ ಬಂದಾಗ ಬಾಜಿ ಎರಡು ಬೆರಳು ಅಗಲಿಸಿ ತೋರಿಸಿದರು. ಬದನೆಕಾಯಿ ದೊಡ್ಡದಾಗುತ್ತಾ ಗಾಜು ತುಂಬಿತು. ಅವ್ವ ಮುಂದಕ್ಕೆ ಬಾಗಿ, ಆ ಎಣ್ಣೆಗಾಯಿಯ ಮಸಾಲೆಯನ್ನು ಕಣ್ಣಿನಿಂದಲೇ ಪರೀಕ್ಷೆ ಮಾಡಿದಳು. ನಾಲಿಗೆಯಿಂದ 'ಚ್' ಎಂಬ ಸದ್ದು ಬಂತು. ಆ ಸದ್ದಿನ ಅರ್ಥ ನನಗೆ ಗೊತ್ತಿತ್ತು. ಎಣ್ಣೆ ಹೆಚ್ಚಾಗಿದೆ ಅಂತ. ಅವತ್ತು ಸಂಜೆ ಅವ್ವ ನನ್ನ ಕೈಯಿಂದ ಅರ್ಧ ರೊಟ್ಟಿ ಉಂಡಳು.

ಟ್ಯಾಬ್ಲೆಟ್ ಆವತ್ತಿನಿಂದ ನಮ್ಮ ಮನೆಯಲ್ಲೇ ಉಳಿಯಿತು. ನನ್ನ ರಜೆ ಮುಗಿಯುತ್ತ ಬಂದಾಗ ಅವ್ವನನ್ನು ಹಗಲು ಯಾರು ನೋಡಿಕೊಳ್ಳುವುದು ಎಂದು ತಲೆ ಮೇಲೆ ಕೈಹೊತ್ತು ಕೂತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಬಾಜಿಯ ಹೊಲಿಗೆ ಮಷೀನು ನಮ್ಮ ಪಡಸಾಲೆಯಲ್ಲಿತ್ತು. ಬಸವರಾಜ ಮತ್ತು ಬಾಜಿಯ ಯಜಮಾನರು ಸೇರಿ ಹೊತ್ತು ತಂದಿದ್ದರು. "ನನಗ ಎಲ್ಲಿ ಕೂತ್ರೂ ಹೊಲಿಯೋದೇ ಅಲ್ಲೇನ್ರಿ? ನಿಮ್ ಪಡಸಾಲ್ಯಾಗ ಬೆಳಕ್ ಛಲೋ ಅದ" ಎಂದರು. ಬೆಳಕು ಅವರ ಮನೆಯಲ್ಲೇ ಹೆಚ್ಚು. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಹಾಗಾಗಿ ನಾನು ಜನವಾಡದ ಶಾಲೆಗೆ ಹೋದರೆ ಮನೆಯಲ್ಲಿ ಮಷೀನಿನ ಟಕಟಕ, ಎಣ್ಣೆಯ ಘಾಟು, ಇಬ್ಬರು ಹೆಂಗಸರು, ಒಂದು ಗಾಜಿನ ಪುಸ್ತಕ. ಸಂಜೆ ಬಂದಾಗ ಗಾಜಿನ ತುಂಬ ಎಣ್ಣೆಯ ಬೆರಳಿನ ಗುರುತು. ಮಾತಿನ ಡಾಕ್ಟರ್ ಹೇಳಿಕೊಟ್ಟ ಹಾಗೆ ನಾವು ಚಿತ್ರ ತೋರಿಸಿ ಅದರ ಹೆಸರಿನ ಮೇಲೆ ಕೈ ಮುಚ್ಚುತ್ತಿದ್ದೆವು. ಅವ್ವ ತುಟಿ ಒಟ್ಟು ಮಾಡುವಳು, ಬಿಡುವಳು, ಬೆವರುವಳು. "ನಾಳಿ" ಬರುವುದು. ದಸರೆ ಹತ್ತಿರ ಬಂದರೂ ಬೇರೆ ಶಬ್ದ ಹುಟ್ಟಲಿಲ್ಲ. ಬಸವರಾಜ ಒಮ್ಮೆ ನನ್ನನ್ನು ಹೊರಗೆ ಕರೆದು ಮೆತ್ತಗೆ ಹೇಳಿದ, "ಇಷ್ಟೇ ಅಂತ ತಿಳ್ಕೊಳ್ಳೂನು ಶಿವಲೀಲಾ. ಕಣ್ಣ ಮುಂದ ಅದಾಳಲ್ಲ, ಅದೇ ದೊಡ್ದು." ನಾನು ಹೂಂ ಅಂದೆ. ಒಳಗೆ ಒಪ್ಪಲಿಲ್ಲ.

ದಸರೆಯ ಘಟಸ್ಥಾಪನೆಯಾದ ಮೇಲೆ ಒಂದು ರಜೆಯ ಮಧ್ಯಾಹ್ನ. ಮಳೆ ನಿಂತು ಬಿಸಿಲು ಬಿದ್ದಿತ್ತು. ನಾನು ಅವ್ವನ ಪಕ್ಕ ಕೂತು ಹೊಸ ಸಂಚಿಕೆಯ ಹೀರೆಕಾಯಿ ಚಟ್ನಿಯ ವಿಧಾನವನ್ನು ಗಟ್ಟಿಯಾಗಿ ಓದುತ್ತಿದ್ದೆ. ಬಾಜಿ ಗುಂಡಿ ಹೊಲಿಯುತ್ತಾ ಕೇಳುತ್ತಿದ್ದರು. ಹೀರೆಕಾಯಿ ಹುರಿಯಿರಿ, ಹಸಿಮೆಣಸಿನಕಾಯಿ ಹಾಕಿ, ಹುಣಸೆ, ಕೊತ್ತಂಬರಿ, ರುಬ್ಬಿ, ಒಗ್ಗರಣೆ ಕೊಡಿ, ಬಿಸಿ ಅನ್ನದ ಜೊತೆ ಬಡಿಸಿ. ಅಷ್ಟು ಓದಿ ಮುಂದಿನ ಹಾಳೆಗೆ ಸರಿಸಿದೆ. ಅವ್ವ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದಳು. ನಾನು ಮತ್ತೆ ಮುಂದೆ ಹೋದೆ. ಅವ್ವ ಗಾಜಿನ ಮೇಲೆ ಅಂಗೈಯಿಂದ ಹೊಡೆದಳು. ಮುಖ ಕೆಂಪಾಗಿತ್ತು.

"ಉ... ಉ..."

"ಏನವ್ವಾ? ಉಚ್ಚಿಗಿ ಹೋಗ್ತಿ ಏನು?"

ಅವ್ವ ತಲೆಯಾಡಿಸಿ ನನ್ನ ತೊಡೆಗೇ ಒಂದು ಏಟು ಕೊಟ್ಟಳು. "ಉ... ಉಪ್ಪ! ಉಪ್ಪ!"

ನಾನು ಗಾಜಿನ ಮೇಲೆ ನೋಡಿದೆ. ಮೊದಲಿನಿಂದ ಕೊನೆಯವರೆಗೆ ನೋಡಿದೆ. ಖರೆ. ಚಟ್ನಿಗೆ ಉಪ್ಪು ಹಾಕುವುದನ್ನು ಬರೆದವರು ಮರೆತಿದ್ದರು.

ಬಾಜಿ ಗುಂಡಿ, ಸೂಜಿ, ಬ್ಲೌಸು ಎಲ್ಲ ಬಿಟ್ಟು ಎದ್ದರು. ನಾವು ಮೂವರೂ ನಗುತ್ತಿದ್ದೆವು, ಮೂವರ ಕಣ್ಣಲ್ಲೂ ನೀರು. ಅವ್ವ ಮಾತ್ರ ನಗು ನಿಲ್ಲಿಸಿ ಮತ್ತೆ ಮತ್ತೆ "ಉಪ್ಪ, ಉಪ್ಪ" ಎಂದು ಹೇಳಿ ನೋಡುತ್ತಿದ್ದಳು, ಆ ಶಬ್ದ ಇನ್ನೂ ಬಾಯಲ್ಲೇ ಇದೆಯೋ ಹೋಯಿತೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ. ಅದನ್ನು ಬರೆಯಲು ಮರೆತ ಆ ಹೆಣ್ಣುಮಗಳು ಎಲ್ಲಿದ್ದರೂ ತಣ್ಣಗಿರಲಿ.

ಅಲ್ಲಿಂದ ಮುಂದೆ ಶಬ್ದಗಳು ಒಂದೊಂದಾಗಿ ಬಂದವು. ಎಲ್ಲ ಅಡುಗೆಮನೆಯವೇ. ಖಾರ, ಬ್ಯಾಳಿ, ಬೆಲ್ಲ, ಮೆಂತ್ಯ, ಜೀರಿಗಿ. ಬಾಜಿಯ ಉರ್ದು ಮಾಸಿಕದ ಚಿತ್ರಗಳನ್ನೂ ಅವ್ವ ಬಿಡಲಿಲ್ಲ. ಆ ಲಿಪಿ ಓದಲು ಬಾರದಿದ್ದರೂ ಬಾಜಿ ಹೇಳುತ್ತಿದ್ದ "ಪ್ಯಾಜ್", "ನಮಕ್" ಅವಳ ಬಾಯಿಗೆ ಹತ್ತಿದವು. ಒಂದು ದಿನ ಮಾತಿನ ಡಾಕ್ಟರ್ ಈರುಳ್ಳಿಯ ಚಿತ್ರ ತೋರಿಸಿದರೆ ಅವ್ವ ಬಹಳ ಹುಡುಕಿ "ಪ್ಯಾಜ್" ಅಂದಳು. "ಉಳ್ಳಾಗಡ್ಡಿ ಅನ್ನಲ್ಲವಾ ಅಮ್ಮಾ?" ಎಂದು ಅವರು ಕೇಳಿದರು. ಅವ್ವ ಬಾಜಿಯ ಕಡೆ ನೋಡಿ ಭುಜ ಹಾರಿಸಿದಳು. ಯಾವುದು ಮೊದಲು ಸಿಕ್ಕಿತೋ ಅದು.

ಒಂದೇ ಒಂದು ನೋವು ಉಳಿದಿತ್ತು. ನನ್ನ ಹೆಸರು ಅವಳಿಗೆ ಸಿಗುತ್ತಿರಲಿಲ್ಲ. ನನ್ನನ್ನು ಕರೆಯಬೇಕಾದಾಗ ಬಾಯಿಗೆ ಬರುತ್ತಿದ್ದುದು "ಜೀರಿಗಿ." ತಪ್ಪು ಎಂದು ಗೊತ್ತಾಗಿ ಸಿಟ್ಟಾಗುವಳು, ಕಣ್ಣು ಮುಚ್ಚಿ ಒಳಗೆ ಹುಡುಕುವಳು, ಮತ್ತೆ "ಜೀರಿಗಿ." ನಾನು "ಬಂದೆನವ್ವಾ" ಎಂದು ಓಡಿ ಹೋಗುತ್ತಿದ್ದೆ. ಬಸವರಾಜನೂ ತಮಾಷೆಗೆ ನನ್ನನ್ನು ಹಾಗೇ ಕರೆಯತೊಡಗಿದ. ಹೊರಗೆ ನಕ್ಕರೂ ಶಾಲೆಯಿಂದ ಬರುವ ಬಸ್ಸಿನಲ್ಲಿ ಅದು ಚುಚ್ಚುತ್ತಿತ್ತು. ಆ ಹೆಸರು ಇಟ್ಟವಳೇ ಅವಳು.

ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿ ಬಿದ್ದಿತ್ತು. ಅವ್ವ ಕೋಲು ಹಿಡಿದು ಪಡಸಾಲೆಯ ತನಕ ನಡೆಯುತ್ತಿದ್ದಳು. ಅವತ್ತು ನಾನು ಬಗದಲ್ ಕಡೆಯ ಗೆಳತಿಯ ಹೊಲದಿಂದ ಬಂದ ಸೊಪ್ಪು, ಹಸಿ ತೊಗರಿಕಾಳು, ಅವರೆಕಾಳು ಬಿಡಿಸಿ, ಎಲ್ಲ ಕೂಡಿಸಿ ಬೇಯಿಸುವ ಹಬ್ಬದ ಭಜ್ಜಿಯನ್ನು ಒಲೆಗೆ ಇಟ್ಟಿದ್ದೆ. ಅವ್ವ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಟ್ಯಾಬ್ಲೆಟ್ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೋಲಿನಿಂದ ನೆಲ ಕುಟ್ಟಿದಳು. ಹೋಗಿ ನೋಡಿದರೆ ಗಾಜನ್ನು ಎದೆಗೆ ಒತ್ತಿ ಹಿಡಿದಿದ್ದಾಳೆ. ನನ್ನನ್ನು ನೋಡಿ ಅದನ್ನು ನನ್ನ ಕಡೆ ತಿರುಗಿಸಿದಳು.

ಮಾಸಿಕದ ಕೊನೆಯಲ್ಲಿ ಓದುಗರು ಕಳಿಸಿದ ಅಡುಗೆಗಳ ಹಾಳೆ ಇರುತ್ತದೆ. ಯಾವುದೋ ಊರಿನ ಯಾವುದೋ ಶಿವಲೀಲಾ ಒಂದು ಚಕ್ಕುಲಿಯ ವಿಧಾನ ಕಳಿಸಿದ್ದಳು. ಕೆಳಗೆ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಆ ಹೆಸರನ್ನು ಅವ್ವ ಬೆರಳಿನಿಂದ ಅಗಲಿಸುತ್ತಾ, ಅಗಲಿಸುತ್ತಾ, ಬೇರೆ ಏನೂ ಉಳಿಯದ ಹಾಗೆ ಗಾಜಿನ ತುಂಬ ಮಾಡಿದ್ದಳು. ನಾಲ್ಕೇ ಅಕ್ಷರ, ಒಂದೊಂದೂ ನನ್ನ ಹೆಬ್ಬೆರಳಿಗಿಂತ ದೊಡ್ಡದು. ಅವ್ವ ಮೊದಲನೆಯದರ ಮೇಲೆ ಬೆರಳಿಟ್ಟಳು. "ಶಿ." ಎರಡನೆಯದಕ್ಕೆ ಜಾರಿದಳು. "ವ." ಅಲ್ಲಿ ನಿಂತು ಉಸಿರು ಎಳೆದುಕೊಂಡಳು. ಆಮೇಲೆ ಗಾಜು ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಇಡೀ ಹೆಸರನ್ನು ಹೇಳಿದಳು.

ನಾನು ಆ ಕುರ್ಚಿಯ ಕಾಲ ಬುಡದಲ್ಲಿ ಕೂತು ಅವಳ ತೊಡೆಯ ಮೇಲೆ ತಲೆ ಇಟ್ಟೆ. ಆ ಎಣ್ಣೆಯ ಘಾಟಿನಲ್ಲಿ, ಒಲೆಯ ಮೇಲೆ ಭಜ್ಜಿ ತಳ ಹಿಡಿಯುವ ತನಕ ಎದ್ದೇಳಲಿಲ್ಲ.

ಸಂಕ್ರಾಂತಿ ಕಳೆಯಿತು. ಔರಾದಿನ ಖಾನಾವಳಿಗೆ ಶ್ರಾವಣದಿಂದ ಬೀಗ ಇತ್ತು. ಜಾಗದ ಮಾಲೀಕರು ಒಳ್ಳೆಯವರು, ಅವಸರ ಮಾಡಿರಲಿಲ್ಲ. ಆದರೂ ಒಂದು ಮಾತು ಹೇಳಬೇಕಲ್ಲ. ಅವ್ವ ಇನ್ನು ನಮ್ಮ ಜೊತೆಯೇ ಇರಲಿ, ಖಾನಾವಳಿ ಮುಚ್ಚಿಬಿಡೋಣ ಎಂದು ನಾನೂ ಬಸವರಾಜನೂ ಮಾತಾಡಿಕೊಂಡೆವು. ಅವ್ವನಿಗೂ ಹೇಳಿದೆ. ಅವಳು ಗಾಜಿನ ಮೇಲೆ ಹಾಳೆ ಸರಿಸುತ್ತಲೇ ಇದ್ದಳು. ಒಂದು ಭಾನುವಾರ ಗಾಡಿ ಮಾಡಿಕೊಂಡು ಪಾತ್ರೆ ಸಾಮಾನು ತರಲು ಹೊರಟೆವು. ಅವ್ವ ತಾನೂ ಬರುತ್ತೇನೆ ಎಂದು ಚಪ್ಪಲಿ ತೋರಿಸಿದಳು. ಟ್ಯಾಬ್ಲೆಟ್ಟನ್ನು ಬಗಲಿಗೆ ಇಟ್ಟುಕೊಂಡೇ ಕೂತಳು.

ಬೀಗ ತೆಗೆದಾಗ ಒಳಗೆಲ್ಲ ಧೂಳು, ಜೇಡರಬಲೆ. ಮಲ್ಲಮ್ಮ ಸುದ್ದಿ ಕೇಳಿ ಓಡಿ ಬಂದಳು. ಅವ್ವನ ಕಾಲು ಹಿಡಿದು ಅತ್ತಳು. ಉಣ್ಣಲು ಬರುತ್ತಿದ್ದವರಲ್ಲಿ ಕೆಲವರೂ ಬಂದು ಓಣಿಯಲ್ಲಿ ನಿಂತರು. ಅವರಲ್ಲಿ ಗಂಗಾಧರ ಎಂಬ ಡ್ರಿಲ್ ಮಾಸ್ತರರು ಇದ್ದರು. ಹಾಸನದ ಕಡೆಯವರು, ಔರಾದಿನ ಹೈಸ್ಕೂಲಿಗೆ ಬಂದು ಬಹಳ ವರ್ಷವಾಗಿತ್ತು. "ಹೋಟೆಲ್ ಊಟ ಮಾಡಿ ಮಾಡಿ ಹೊಟ್ಟೆ ಕೆಟ್ಟುಹೋಗಿದೆ ಕಣಮ್ಮಾ. ನೀವು ಎದ್ದು ಓಡಾಡ್ತಿರೋದು ನೋಡಿ ಸಾಕು ಅನ್ನಿಸ್ತು" ಎಂದು, ಯಾರೂ ಕರೆಯದೆಯೇ ತೋಳು ಮಡಚಿ ನಮ್ಮ ಜೊತೆ ಸಾಮಾನು ಹೊರಗಿಡಲು ನಿಂತರು.

ನಾನು ದೊಡ್ಡ ಬೋಗುಣಿಗೆ ತಟ್ಟೆಗಳನ್ನು ತುಂಬಿ ಹಗ್ಗ ಬಿಗಿಯುತ್ತಿದ್ದೆ. ಅವ್ವ ಕೋಲು ಊರಿಕೊಂಡು ಬಂದು ಆ ಹಗ್ಗದ ಮೇಲೆ ಕಾಲಿಟ್ಟಳು.

"ಕಟ್... ಕಟ್ಟಬ್ಯಾಡ."

"ಯಾಕವ್ವಾ?"

ಅವ್ವ ತುಟಿ ಒಟ್ಟು ಮಾಡಿದಳು. ಬೆಂಚಿನ ಮೇಲೆ ಕೂತು ಟ್ಯಾಬ್ಲೆಟ್ ಬಿಚ್ಚಿದಳು. ಎಡಗೈ ಎದೆಗಿಟ್ಟುಕೊಂಡು, "ನಾ ಹೇಳ್ತೇನಿ" ಅಂದಳು. ಆಮೇಲೆ ಮಲ್ಲಮ್ಮನ ಕಡೆ ಬೆರಳು ತೋರಿಸಿ, "ಆಕಿ ಮಾಡ್ತಾಳ."

ಮಲ್ಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಮಾಡ್ತೇನಿ ಅಕ್ಕಾ, ಯಾಕ ಮಾಡಂಗಿಲ್ಲ? ನನ್ ಕೈ ಎರಡೂ ನೆಟ್ಟಗ ಅವ" ಎಂದಳು. "ಶಿವಲೀಲಾ, ನೀ ಹಗ್ಗ ಬಿಡು. ನಾ ಮುಂಜಾನಿಂದ ರಾತ್ರಿ ತನಕ ಅಕ್ಕನ ಸಂಗಾಟೇ ಇರ್ತೇನಿ. ನನಗೂ ಮನ್ಯಾಗ ಯಾರದಾರ?"

ನಾನು ಬಸವರಾಜನನ್ನು ನೋಡಿದೆ. ಅವನು ಆಗಲೇ ಗಾಡಿಯಿಂದ ಪಾತ್ರೆ ಇಳಿಸುತ್ತಿದ್ದ.

ಯುಗಾದಿಯ ಹೊತ್ತಿಗೆ ಖಾನಾವಳಿಯ ಒಲೆ ಹೊತ್ತಿತು. ಫರ್ಜಾನಾ ಬಾಜಿ ಟ್ಯಾಬ್ಲೆಟ್ ವಾಪಸ್ ತೆಗೆದುಕೊಳ್ಳಲಿಲ್ಲ. ಅದಕ್ಕೆ ದಪ್ಪ ಪ್ಲಾಸ್ಟಿಕ್ಕಿನ ಒಂದು ಗವಸು ಹೊಲಿದು ಕೊಟ್ಟರು, ಎಣ್ಣೆ ಸಿಡಿದರೂ ಒರೆಸಿಕೊಳ್ಳುವ ಹಾಗೆ. ಅವ್ವ ಅಂತೂ ಇವತ್ತಿಗೂ ಕಾಗದದ ಪಕ್ಷವನ್ನೇ ಹಿಡಿಯುತ್ತಾಳೆ. ಕರೆಂಟ್ ಹೋಗಿ ಚಾರ್ಜ್ ಮುಗಿದಾಗ ನಿಧಾನವಾಗಿ, ತಡೆತಡೆದು ಅನ್ನುತ್ತಾಳೆ, "ಕಾಗದಕ್ಕ... ಕರೆಂಟ್ ಬ್ಯಾಡ." ಆದರೆ ಕರೆಂಟ್ ಬಂದ ಕೂಡಲೇ ಮೊದಲು ಕೈ ಚಾಚುವುದು ಆ ಗಾಜಿಗೇ. ನಾನೂ ಅಷ್ಟೆ. ಬೀದರದ ಅಂಗಡಿಯಲ್ಲಿ ಅಪರೂಪಕ್ಕೆ ಸಿಕ್ಕರೆ ನನಗಾಗಿ ಈಗಲೂ ಅಚ್ಚಿನ ಮಾಸಿಕವನ್ನೇ ಕೊಳ್ಳುತ್ತೇನೆ. ಅವ್ವನ ಗಾಜಿಗೆ ಮಾತ್ರ ಯಾರಾದರೂ ಒಂದು ಮಾತು ಅಂದರೆ ಜಗಳಕ್ಕೆ ನಿಲ್ಲುತ್ತೇನೆ.

ತೆರೆದ ಮೇಲಿನ ಮೊದಲ ಭಾನುವಾರ ನಾನೂ ಅಲ್ಲಿದ್ದೆ. ಅವ್ವ ಹಿಂದಿನ ದಿನ ಫೋನಿನಲ್ಲಿ ನನಗೆ ಒಂದೇ ಶಬ್ದ ಹೇಳಿದ್ದಳು, "ತೆಂಗಿನಕಾಯಿ." ನಮ್ಮ ಕಡೆ ಶೇಂಗಾ, ಎಳ್ಳಿನಲ್ಲೇ ಅಡುಗೆ ಸಾಗುತ್ತದೆ. ಇದ್ಯಾಕೆ ಎಂದುಕೊಂಡು ಬೀದರದಿಂದ ಎರಡು ಕಾಯಿ ಒಯ್ದಿದ್ದೆ. ಅವ್ವ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಗಾಜು ನೋಡಿ ನೋಡಿ ಮಲ್ಲಮ್ಮನಿಗೆ ಹೇಳುತ್ತಿದ್ದಳು. ಬೂದುಗುಂಬಳ ಹೆಚ್ಚಿಸಿದಳು. ನೆನೆಸಿದ ಕಡಲೆಬೇಳೆ, ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ ರುಬ್ಬಿಸಿದಳು. ಹುಳಿ ಮಜ್ಜಿಗೆ ಸುರಿದ ಮೇಲೆ ಮಲ್ಲಮ್ಮ ಉರಿ ಜೋರು ಮಾಡಿದರೆ, "ಕುದೀ... ಕುದೀಬಾರ್ದು!" ಎಂದು ಕೋಲಿನಿಂದ ಅವಳ ಪಾದ ತಿವಿದಳು.

ಮಧ್ಯಾಹ್ನ ಬೆಂಚು ತುಂಬಿತು. ಬ್ಯಾಂಕಿನವರು, ದನದ ಡಾಕ್ಟರು, ಮಾಸ್ತರರು ಎಲ್ಲ ಬಂದರು. ಮಲ್ಲಮ್ಮ ಅನ್ನ ಬಡಿಸಿ ಅದರ ಮೇಲೆ ಹಳದಿ ಬಿಳುಪಿನ ಆ ಸಾರು ಹಾಕಿದಳು. ನಮ್ಮ ಕಡೆಯವರು ಯಾರೂ ಅದನ್ನು ಕಂಡವರಲ್ಲ. "ಏನ್ರಿ ಅಮ್ಮಾ ಇದು? ಕಢಿ ಏನು?" ಎಂದು ಬ್ಯಾಂಕಿನವರು ಕೇಳಿದರು.

ಅವ್ವ ಹೇಳಲು ಹೋದಳು. ಶಬ್ದ ಸಿಗಲಿಲ್ಲ. ಗಾಜು ನೋಡಿದಳು, ಕರೆಂಟಿಲ್ಲದೆ ಅದು ಆಗಲೇ ಕಪ್ಪಾಗಿತ್ತು. ಕಣ್ಣು ಮುಚ್ಚಿದಳು. ಹಣೆಯ ಮೇಲೆ ಬೆವರು ಕಂಡಿತು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಗಂಗಾಧರ ಮಾಸ್ತರರನ್ನು ನೋಡಿದೆ. ಅವರು ತಟ್ಟೆಯ ಮೇಲೆ ಬಾಗಿ ಅದರ ಪರಿಮಳ ತೆಗೆದುಕೊಂಡಿದ್ದರು. ಅವರ ಮುಖವೇ ಬೇರೆಯಾಗಿತ್ತು. ಅದು ಅವರ ಹಾಸನದ ಮನೆಯ ಅಡುಗೆ. ಹೆಸರು ಅವರ ತುದಿ ನಾಲಿಗೆಯ ಮೇಲೇ ಇತ್ತು. ಅವರು ಹೇಳಲಿಲ್ಲ. ಪಕ್ಕದವರು ಮತ್ತೆ ಕೇಳಲು ಹೋದರೆ ಮೆಲ್ಲಗೆ ಅವರ ಮೊಳಕೈ ಹಿಡಿದರು. ತಮ್ಮ ಕೈಯನ್ನು ಅನ್ನದ ಮೇಲೆ ಹಾಗೇ ಎತ್ತಿ ಹಿಡಿದು ಅವ್ವನ ಕಡೆ ನೋಡುತ್ತಾ ಕೂತರು. ಅವರನ್ನು ನೋಡಿ ಉಳಿದವರೂ ಕೈ ಎತ್ತಿ ಹಿಡಿದರು. ಹಸಿದ ಅಷ್ಟೂ ಜನ, ಬಿಸಿ ಅನ್ನದ ಆವಿಯ ಮುಂದೆ, ಒಬ್ಬ ಹೆಂಗಸಿಗೆ ಒಂದು ಶಬ್ದ ಸಿಗಲಿ ಎಂದು ಕಾದರು.

"ಮ... ಮಜ್ಜಗಿ" ಅಂದಳು ಅವ್ವ. ನಿಂತಳು. "ಮಜ್ಜಗಿ... ಹುಳಿ."

"ಹೌದಮ್ಮಾ" ಎಂದರು ಮಾಸ್ತರರು. 'ಮಜ್ಜಿಗೆ ಹುಳಿ' ಎಂದು ತಮಗೆ ತಾವೇ ಹೇಳಿಕೊಂಡು, ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟು, ತಲೆ ಎತ್ತದೆ ಉಣ್ಣತೊಡಗಿದರು. ಬೆಂಚಿನುದ್ದಕ್ಕೂ ಕೈಗಳು ಇಳಿದವು.

ಅವ್ವ ಅವರ ತಟ್ಟೆಯನ್ನೇ ನೋಡುತ್ತಿದ್ದಳು. ಅನ್ನ ಅರ್ಧವಾಗುವುದನ್ನು ನೋಡಿ ಕೋಲಿನಿಂದ ನೆಲ ಕುಟ್ಟಿದಳು.

"ಮಲ್ಲಮ್ಮ," ಎಂದಳು, ಎಲ್ಲೂ ತಡವರಿಸದೆ. "ಮಾಸ್ತರಿಗಿ ಇನ್ನೊಂದೀಟು ಹಾಕು."